ನಡುಕ ತಡೆ: ಹತ್ತಕ್ಕೆ ನಾಲ್ಕು

ಒಂದು ಕ್ಯಾಮೆರಾ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಉತ್ತರದ ಕಿಟಕಿ, ಒಂದು ಸೂಜಿ, ಮತ್ತು ಅತ್ತೆ.

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವಳನ್ನು ‘ಅಂಕದಮ್ಮ’ ಎನ್ನುತ್ತಿದ್ದರು. ತಿಂಗಳಿಗೊಂದು ಹೊಸ ಕ್ಯಾಮೆರಾ ಮನೆಗೆ ಬರುತ್ತಿತ್ತು, ಹದಿನೈದು ದಿನ ನೆಂಟನ ಹಾಗೆ ಇದ್ದು, ಅಂಕಪಟ್ಟಿ ಕಟ್ಟಿಸಿಕೊಂಡು ಹೋಗುತ್ತಿತ್ತು. ಬೇರೆ ಪತ್ರಿಕೆಯವರು ಇಟ್ಟಿಗೆ ಗೋಡೆಯನ್ನೋ ಕಪ್ಪುಬಿಳಿ ಗೆರೆಗಳ ಹಾಳೆಯನ್ನೋ ತೆಗೆದು ಗುಣಮಟ್ಟ ಅಳೆಯುತ್ತಿದ್ದರು. ಇವಳು ಜೂಮ್ ಕ್ಯಾಮೆರಾ ಬಂದಾಗಲೆಲ್ಲ ಹಜಾರದ ಈ ಕೊನೆಯಲ್ಲಿ ನಿಂತು, ಆ ಕೊನೆಯ ಕಿಟಕಿಯ ಬಳಿ ಕೂತ ಅತ್ತೆಯ ಕೈಯನ್ನು ಪೂರ್ತಿ ಜೂಮ್ ಮಾಡಿ ತೆಗೆಯುತ್ತಿದ್ದಳು. ಅತ್ತೆ ಎಡಗೈಯಲ್ಲಿ ಸೂಜಿ, ಬಲಗೈಯಲ್ಲಿ ಕೆಂಪು ದಾರ ಹಿಡಿದು, ದಾರದ ತುದಿ ಸೂಜಿಯ ಕಣ್ಣಿಗೆ ಇನ್ನೇನು ಹೊಗಬೇಕು ಅನ್ನುವಲ್ಲಿ ಉಸಿರು ಬಿಗಿಹಿಡಿದು ನಿಲ್ಲಬೇಕು. ದಾರದ ಎಳೆಗಳು ಬಿಡಿಬಿಡಿಯಾಗಿ ಕಂಡರೆ ಕ್ಯಾಮೆರಾ ಪಾಸು. ಆಮೇಲೆ ಅವಳು ಚಿತ್ರದಿಂದ ಸೂಜಿಯ ಸುತ್ತಲಿನ ಬೆಂಕಿಪೆಟ್ಟಿಗೆಯಷ್ಟು ಚೌಕವನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿ, ಅದನ್ನೇ ನೋಡಿ ಅಂಕ ಹಾಕುತ್ತಿದ್ದಳು. ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದದ್ದೂ ಆ ಚೌಕವೇ. ಎಂಟು ವರ್ಷದಿಂದ ಅದೇ ಕಿಟಕಿ, ಅದೇ ಅಳತೆ. ಓದುಗರು ಇದಕ್ಕೆ ‘ಸೂಜಿ ಪರೀಕ್ಷೆ’ ಎಂದು ಹೆಸರಿಟ್ಟಿದ್ದರು.

ಅತ್ತೆ ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಕೋಟು ಹೊಲಿಯುವ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಕೈಯಿಂದಲೇ ಗುಂಡಿಗಳಿಗೆ ಕಾಜಾ ಹಾಕಿದವರು. ಅವರು ಸೂಜಿ ಹಿಡಿದು ಕೂತರೆ ಗೋಡೆಯ ಗಡಿಯಾರವೇ ನಿಂತ ಹಾಗೆ ಕಾಣುತ್ತಿತ್ತು. ಹತ್ತು ವರ್ಷದ ಮೊಮ್ಮಗಳು ಅಜ್ಜಿಗೆ ‘ಟ್ರೈಪಾಡ್’ ಎಂದು ಅಡ್ಡಹೆಸರು ಇಟ್ಟಿದ್ದಳು. ಅತ್ತೆಗೆ ಅದರಿಂದ ಒಳಗೊಳಗೇ ಹೆಮ್ಮೆ. ಸಂಚಿಕೆ ಬಂದ ದಿನ ಕನ್ನಡಕ ಏರಿಸಿಕೊಂಡು ಮೊದಲು ತಮ್ಮ ಕೈಯ ಚಿತ್ರ, ಆಮೇಲೆ ಸೊಸೆಯ ಅಂಕಪಟ್ಟಿಯನ್ನು ಅಕ್ಷರ ಬಿಡದೆ ಓದುತ್ತಿದ್ದರು.

ಅಂಕಪಟ್ಟಿಯಲ್ಲಿ ನಾಲ್ಕು ಸಾಲು: ಬಣ್ಣ, ಸ್ಪಷ್ಟತೆ, ಮಬ್ಬು ಬೆಳಕು, ನಡುಕ ತಡೆ. ಈ ಕೊನೆಯದು ಅವಳೇ ಕಟ್ಟಿದ ಪದ. ಹಿಡಿದವರ ಕೈ ಅದುರಿದರೂ ಚಿತ್ರ ಅದುರದ ಹಾಗೆ ನೋಡಿಕೊಳ್ಳುವ ಕ್ಯಾಮೆರಾದ ಜಾಣತನಕ್ಕೆ ಕಂಪನಿಯವರು ಮೊಳದುದ್ದದ ಹೆಸರು ಇಟ್ಟಿದ್ದರು. “ಓದೋರಿಗೆ ನಾಲಿಗೆ ಹೊರಳಬೇಕಲ್ಲ ಸಾರ್” ಎಂದು ಸಂಪಾದಕನೊಂದಿಗೆ ಜಗಳವಾಡಿ ಅವಳು ‘ನಡುಕ ತಡೆ’ಯನ್ನು ಪುಟಕ್ಕೆ ತಂದಿದ್ದಳು.

ಈ ಸಲ ಬಂದಿದ್ದದ್ದು ಅಂಗೈಯಲ್ಲಿ ಹಿಡಿಸುವಂಥ ಪುಟ್ಟ ಕ್ಯಾಮೆರಾ. ಜೇಬಿಗೆ ಇಳಿಯುತ್ತಿತ್ತು, ಮೂತಿ ಚಾಚಿದರೆ ಮೂವತ್ತು ಪಟ್ಟು ದೂರದ್ದನ್ನು ಎಳೆದು ತರುತ್ತಿತ್ತು. ಬಣ್ಣಕ್ಕೆ ಎಂಟು ಕೊಟ್ಟಳು. ಸ್ಪಷ್ಟತೆಗೆ ಆರು. ನಡುಕ ತಡೆ: ಹತ್ತಕ್ಕೆ ನಾಲ್ಕು. ‘ಮೂತಿ ಉದ್ದವಾದಷ್ಟೂ ಚಿತ್ರ ಹೊಗೆ. ದಾರವೆಲ್ಲಿ ಮುಗಿಯಿತು, ಬೆರಳೆಲ್ಲಿ ಶುರುವಾಯಿತು, ದೇವರೇ ಬಲ್ಲ’ ಎಂದು ಬರೆದಳು. ಬರೆದು, ಚೆನ್ನಾಗಿ ಬಂತು ಎಂದು ತಾನೇ ಇನ್ನೊಮ್ಮೆ ಓದಿಕೊಂಡಳು. ಅದು ಹಾಗೆಯೇ ಅಚ್ಚಾಯಿತು.

ಹತ್ತು ದಿನಕ್ಕೆ ಒಂದು ಕಾಗದ ಬಂತು, ಒಳಗೊಂದು ಫೋಟೋ. ಬರೆದವರು ಕೈಗಡಿಯಾರ ರಿಪೇರಿ ಮಾಡಿ ನಿವೃತ್ತರಾದ ಒಬ್ಬ ಓದುಗರು.

‘ಮೇಡಂ, ನಿಮ್ಮ ಲೇಖನ ಬರುವ ಮುಂಚೆಯೇ ನಾನು ಈ ಕ್ಯಾಮೆರಾ ಕೊಂಡುಬಿಟ್ಟಿದ್ದೆ. ಓದಿ ಮನಸ್ಸು ಕೆಟ್ಟಿತು. ವಾಪಸು ಮಾಡೋಣ ಎಂದು ಡಬ್ಬಿಗೂ ಹಾಕಿದೆ. ಕೊನೆಗೆ ಒಂದು ಸಲ ನೋಡಿಯೇ ಬಿಡೋಣ ಎಂದು ನಿಮ್ಮ ಸೂಜಿ ಪರೀಕ್ಷೆಯನ್ನು ನಾನೇ ಮಾಡಿದೆ. ನನ್ನ ಹೆಂಡತಿ ನಲವತ್ತು ವರ್ಷದಲ್ಲಿ ಒಂದು ನಿಮಿಷ ಸುಮ್ಮನೆ ಕೂತವಳಲ್ಲ. ಫೋಟೋ ತೆಗೆಯುವಾಗಲೂ ನನ್ನನ್ನು ಬೈಯುತ್ತಲೇ ಇದ್ದಳು. ಆದರೂ ಲಗತ್ತಿಸಿದ ಚಿತ್ರದಲ್ಲಿ ದಾರದ ಎಳೆ ಎಣಿಸಿ. ಮೂರಿವೆ. ತಪ್ಪಿದ್ದರೆ ತಿಳಿಸಿ.’

ಅವಳು ಎಣಿಸಿದಳು. ಮೂರಿದ್ದವು.

ಸಂಪಾದಕ ಚಹಾ ಲೋಟ ಹಿಡಿದು ಅವಳ ಮೇಜಿನ ಅಂಚಿಗೆ ಒರಗಿ ನಿಂತ. “ಏನ್ ಅಂಕದಮ್ಮ, ವಾಚಿನೋರು ನಿಮಗೇ ಪರೀಕ್ಷೆ ಇಟ್ಟುಬಿಟ್ರಲ್ಲ?”

“ನನಗೆ ಬಂದ ಪೀಸೇ ಕೆಟ್ಟಿರಬಹುದು ಸಾರ್.”

“ಹಂಗೇ ಬರೆದು ಕೈತೊಳ್ಕೊಳ್ಳಿ. ‘ನಮಗೆ ಬಂದ ಮಾದರಿಯಲ್ಲಿ ದೋಷವಿತ್ತು.’ ಎರಡು ಸಾಲು, ಒಂದು ಮೂಲೆ. ಕಂಪನಿಯೋರಿಗೂ ಸಮಾಧಾನ, ವಾಚಿನೋರಿಗೂ ಸಮಾಧಾನ.”

“ಕಂಪನಿಯೋರು ಡಬ್ಬಿ ಇನ್ನೂ ತಗೊಂಡು ಹೋಗಿಲ್ಲ, ಮನೇಲೇ ಇದೆ. ಒಂದ್ಸಲ ಮತ್ತೆ ತೆಗೆದು ನೋಡ್ತೀನಿ.”

“ನೋಡಿ. ಆದ್ರೆ ಗುರುವಾರ ಪುಟ ಹೋಗುತ್ತೆ, ನಿಮ್ಮತ್ತೆ ಕೈ ಖಾಲಿಯಾಗೋವರೆಗೆ ಕಾಯಲ್ಲ” ಎಂದು ನಗುತ್ತಾ ಹೋದ.

ಭಾನುವಾರ ಬೆಳಿಗ್ಗೆ ಅವಳು ಕ್ಯಾಮೆರಾ ಹೊರತೆಗೆದದ್ದನ್ನು ಕಂಡ ಕೂಡಲೇ ಅತ್ತೆ ಅಡುಗೆಮನೆಗೆ ಹೊರಟರು.

“ಅತ್ತೆ, ಐದೇ ನಿಮಿಷ.”

“ಅದರದ್ದು ಆಯ್ತಲ್ಲೇ, ಫೇಲಾಯ್ತಲ್ಲ. ಮತ್ಯಾಕೆ?”

“ಮರುಪರೀಕ್ಷೆ. ಪಾಪ, ಅದಕ್ಕೂ ಒಂದು ಅವಕಾಶ ಕೊಡೋಣ.”

“ಇವತ್ತು ಬೆಳಕು ಸರಿಯಿಲ್ಲ.”

“ಕಣ್ಣು ಕುಕ್ಕೋ ಹಾಗಿದೆ ಬೆಳಕು!”

“ಸೂಜಿ ಎಲ್ಲಿಟ್ನೋ ಏನೋ.”

ಮೂವತ್ತೊಂದು ವರ್ಷ ಸೂಜಿಯಿಂದ ಅನ್ನ ಉಂಡವರು ಸೂಜಿ ಎಲ್ಲಿಟ್ಟೆನೋ ಎಂದರು, ಅವಳು ಅದನ್ನೂ ಕೇಳಿಸಿಕೊಂಡು ಲೆನ್ಸ್ ಒರೆಸಿದಳು. ಸೂಜಿ ತಂದುಕೊಟ್ಟವಳು ಮಗಳು. ಅದರಲ್ಲಿ ಆಗಲೇ ದಾರ ಪೋಣಿಸಿತ್ತು. “ಇದಲ್ಲ ಪುಟ್ಟಿ, ಪೋಣಿಸೋಕೆ ಮುಂಚಿಂದು ಬೇಕು” ಎಂದು ಅವಳು ದಾರ ಎಳೆದು ಬೇರೆ ಮಾಡಿ ಅತ್ತೆಯ ಕೈಗಿತ್ತಳು. ಅತ್ತೆ ಎರಡೂ ಮೊಣಕೈಗಳನ್ನು ಕಿಟಕಿಯ ಹಲಗೆಗೆ ಒತ್ತಿ ಕೂತರು.

“ಅಲ್ಲಾಡಬೇಡಿ ಅತ್ತೆ.”

“ನಾನೆಲ್ಲಿ ಅಲ್ಲಾಡ್ತಿದೀನಿ? ನಿನ್ನ ಡಬ್ಬಿಗೆ ಚಳಿ ಹತ್ತಿರಬೇಕು. ಒಂದು ಸ್ವೆಟರ್ ಹೆಣೆದು ಹಾಕು.”

ಅವಳು ನಕ್ಕಳು. ಮೇಜಿನ ಬಳಿ ಲೆಕ್ಕ ಬಿಡಿಸುತ್ತಿದ್ದ ಮಗಳು ನಗಲಿಲ್ಲ. ಪುಸ್ತಕದ ಮೇಲೆ ಇನ್ನಷ್ಟು ಬಗ್ಗಿದಳು.

ಹತ್ತು ಚಿತ್ರ ತೆಗೆದಳು. ಹತ್ತೂ ಹೊಗೆ. ಹಾಗಾದರೆ ನಡುಗುತ್ತಿರುವುದು ತನ್ನ ಕೈಯೇ ಇರಬೇಕು ಎನ್ನಿಸಿತು. ವಾರವೆಲ್ಲ ಕಚೇರಿ, ಮನೆ ಎಂದು ಎರಡು ಕೆಲಸ, ಮೂರು ಹೊತ್ತು ಚಹಾ. ಗಂಡ ಸರಕು ರೈಲಿನ ಗಾರ್ಡು, ವಾರದಲ್ಲಿ ಎರಡೇ ದಿನ ಮನೆಯಲ್ಲಿ. ಕೈ ನಡುಗಿದರೆ ಆಶ್ಚರ್ಯವೇನು? ಅಟ್ಟದ ಮೇಲಿನಿಂದ ನಿಜವಾದ ಟ್ರೈಪಾಡ್ ಇಳಿಸಿದಳು. ಕ್ಯಾಮೆರಾವನ್ನು ಅದರ ಮೇಲೆ ಕೂರಿಸಿ, ಗುಂಡಿ ಒತ್ತಿದ ಎರಡು ಸೆಕೆಂಡಿಗೆ ತಾನೇ ಚಿತ್ರ ತೆಗೆದುಕೊಳ್ಳುವ ಹಾಗೆ ಇಟ್ಟು, ಎರಡೂ ಕೈ ಹಿಂದೆ ಕಟ್ಟಿ ನಿಂತಳು. ಈಗ ಕ್ಯಾಮೆರಾವನ್ನು ಮುಟ್ಟಿದ ಕೈ ಒಂದೂ ಇರಲಿಲ್ಲ.

ಚಿತ್ರ ಕಂಪ್ಯೂಟರಿಗೆ ಬಂತು. ಅವಸರದಲ್ಲಿ ಚೌಕ ಕತ್ತರಿಸುವುದನ್ನು ಮರೆತು ಇಡೀ ಚಿತ್ರವನ್ನೇ ದೊಡ್ಡದು ಮಾಡಿದಳು. ದಾರ ಹೊಗೆ. ಬೆರಳು ಹೊಗೆ. ಅದರಿಂದ ಒಂದು ಗೇಣು ಆಚೆ ಕಿಟಕಿಯ ಚಿಲಕ. ಚಿಲಕದ ತುಕ್ಕು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಅದರ ಸ್ಕ್ರೂವಿನ ತಲೆಯ ಮೇಲಿನ ಗೀರು ಕಾಣುತ್ತಿತ್ತು. ಗೀರಿನೊಳಗೆ ಸಿಕ್ಕಿಕೊಂಡ ಹಳೆಯ ಬಣ್ಣದ ಸಿಪ್ಪೆಯೂ ಕಾಣುತ್ತಿತ್ತು.



ಹಳೆಯ ಫೋಲ್ಡರುಗಳನ್ನು ತೆರೆದಳು. ಕತ್ತರಿಸುವ ಮೊದಲಿನ ಇಡೀ ಚಿತ್ರಗಳು ಎಂಟು ವರ್ಷದವೂ ಅಲ್ಲಿದ್ದವು; ಒಂದನ್ನೂ ಮತ್ತೆ ತೆರೆದಿರಲಿಲ್ಲ. ಮೊದಲಿನವುಗಳಲ್ಲಿ ಚಿಲಕವೂ ಸ್ಪಷ್ಟ, ಕೈಯೂ ಸ್ಪಷ್ಟ. ಹದಿನಾಲ್ಕು ತಿಂಗಳ ಹಿಂದಿನ ಒಂದರಲ್ಲಿ ಚಿಲಕ ಸ್ಪಷ್ಟ, ದಾರದ ತುದಿ ಮಾತ್ರ ಚೂರು ಮಂಕು. ಅದಕ್ಕೆ ನಡುಕ ತಡೆಯಲ್ಲಿ ಏಳು ಕೊಟ್ಟಿದ್ದಳು. ಆಮೇಲಿನದಕ್ಕೂ ಏಳು. ಆಮೇಲೆ ಆರು, ಆರು, ಐದು. ಈಗ ನಾಲ್ಕು. ಆರು ಕ್ಯಾಮೆರಾ, ಆರು ಕಂಪನಿ, ಎಲ್ಲದರಲ್ಲೂ ಚಿಲಕ ಕೆತ್ತಿಟ್ಟ ಹಾಗೆ. ಒಂದು ಸಲ ಲೆನ್ಸನ್ನು ಬೈದಿದ್ದಳು, ಒಂದು ಸಲ ಒಳಗಿನ ಚಿಪ್ ಅನ್ನು, ಇನ್ನೊಂದು ಸಲ ಚರ್ಮವನ್ನು ಮೇಣದ ಹಾಗೆ ಉಜ್ಜುವ ಸಾಫ್ಟ್‌ವೇರನ್ನು. ಸಾಲದ್ದಕ್ಕೆ ಮೂರು ತಿಂಗಳ ಹಿಂದೆ ‘ಇತ್ತೀಚಿನ ಜೂಮ್‌ಗಳಿಗೆ ಏನಾಗಿದೆ?’ ಎಂದು ಎರಡು ಪುಟದ ಲೇಖನವನ್ನೂ ಬರೆದಿದ್ದಳು. ಸಂಪಾದಕ ಬೆನ್ನು ತಟ್ಟಿದ್ದ.

ಒಂದೊಂದೇ ನೆನಪಾಯಿತು. “ಅರ್ಧ ಲೋಟ ಸಾಕು ಕಣೇ, ಮೊದಲಿನ ಹಾಗೆ ಚಹಾ ಸೇರಲ್ಲ” ಎಂದು ಅತ್ತೆ ಅನ್ನತೊಡಗಿದ್ದು. ಗುಂಡಿಯ ಅಂಗಿಗಳನ್ನೆಲ್ಲ ಮಡಿಸಿಟ್ಟು, ತಲೆಯ ಮೇಲಿಂದ ಎಳೆದುಕೊಳ್ಳುವ ಸ್ವೆಟರನ್ನೇ ಹಾಕಿಕೊಳ್ಳುತ್ತಿದ್ದದ್ದು. ಟಿವಿ ನೋಡುವಾಗ ಬಲಗೈಯನ್ನು ಎಡಗೈಯಿಂದ ಹಿಡಿದು ತೊಡೆಯ ಮೇಲೆ ಒತ್ತಿಕೊಳ್ಳುತ್ತಿದ್ದದ್ದು. ಗಂಡ ಒಮ್ಮೆ “ಅಮ್ಮನ ಕೈ ನೋಡಿದ್ಯಾ?” ಎಂದಾಗ “ವಯಸ್ಸಾಯ್ತಲ್ರೀ” ಎಂದು ಸೊಪ್ಪು ಹೆಚ್ಚುತ್ತಲೇ ಉತ್ತರ ಕೊಟ್ಟಿದ್ದು. ದಾರದ ಮೂರು ಎಳೆ ಎಣಿಸುವ ಕಣ್ಣು ಇದನ್ನೆಲ್ಲ ಪಕ್ಕಕ್ಕೆ ಸರಿಸಿ ಮುಂದೆ ಹೋಗಿತ್ತು.

“ಪುಟ್ಟಿ, ಇಲ್ಲಿ ಬಾ. ಸೂಜಿಗೆ ದಾರ ಹಾಕಿಡೋದು ಯಾರು?”

ಮಗಳು ಪೆನ್ಸಿಲ್ ಕಚ್ಚುತ್ತಾ ನಿಂತಳು. “ನಾನು. ಸ್ಕೂಲಿಂದ ಬಂದ ಮೇಲೆ. ಹತ್ತು ಸೂಜಿಗೆ ಹಾಕಿಡ್ತೀನಿ.”

“ಯಾಕೆ ಹೇಳಲಿಲ್ಲ ನಂಗೆ?”

“ಅಜ್ಜಿ ಹೇಳಬೇಡ ಅಂದಿದ್ರು.” ಪೆನ್ಸಿಲನ್ನು ಬಾಯಿಂದ ತೆಗೆದು, “ಆಮೇಲೆ ನೀನೇ ಬರೆದೆಯಲ್ಲಮ್ಮ, ಕ್ಯಾಮೆರಾ ಸರಿಯಿಲ್ಲ ಅಂತ.”

ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಪಾತ್ರೆಗೆ ಬಿದ್ದಷ್ಟೇ ಕಾಳು ನೆಲಕ್ಕೂ ಬಿದ್ದಿತ್ತು. ಅವಳು ಎದುರಿಗೆ ಕೂತಳು.

“ಅತ್ತೆ, ಕೈ ಕೊಡಿ.”

“ಏನು, ಭವಿಷ್ಯ ಹೇಳ್ತೀಯಾ?”

“ಕೊಡಿ ಅತ್ತೆ.”

ಕೊಟ್ಟರು. ಅವಳ ಅಂಗೈಯೊಳಗೆ ಆ ಕೈ, ಹಿಡಿದ ಹಕ್ಕಿಯ ಹಾಗೆ, ಸಣ್ಣಗೆ, ಬಿಡದೆ ಅದುರುತ್ತಿತ್ತು. ಎಂಟು ವರ್ಷ ಆ ಕೈಯನ್ನು ಹಜಾರದ ಇನ್ನೊಂದು ಕೊನೆಯಿಂದ ನೋಡಿದ್ದಳು. ಕೊನೆಯ ಸಲ ಮುಟ್ಟಿದ್ದು ಯಾವಾಗ ಎಂದು ನೆನಪಾಗಲಿಲ್ಲ.

“ನಿಮಗೆ ಗೊತ್ತಿತ್ತು.”

“ಮೊದಮೊದಲು ಅನುಮಾನ ಬಂತು ಕಣೇ” ಎಂದರು ಅತ್ತೆ, ಬಟಾಣಿಯ ಕಡೆ ನೋಡುತ್ತಾ. “ಡಾಕ್ಟ್ರ ಹತ್ರ ಹೋಗೋಣ್ವಾ ಅಂತ ಕೇಳೋಕೆ ಬಂದೆ ಒಂದಿನ. ಅವತ್ತೇ ನಿನ್ನ ಪುಸ್ತಕ ಬಂದಿತ್ತು. ಮೇಜಿನ ಮೇಲಿತ್ತು, ಓದಿದೆ. ನನ್ನ ಕೈ ಮಂಕಾಗಿ ಬಿದ್ದಿದೆ, ಕೆಳಗೆ ನೀನು ಬರೆದಿದೀಯ, ಇದು ಕ್ಯಾಮೆರಾದ ದೋಷ ಅಂತ. ಇಷ್ಟು ವರ್ಷದಲ್ಲಿ ನಿನ್ನ ಕಣ್ಣಿಗೆ ಒಂದು ತಪ್ಪು ತಪ್ಪಿಸಿಕೊಂಡಿದ್ದು ನಾನು ನೋಡಿಲ್ಲ. ಸರಿ, ಕ್ಯಾಮೆರಾದ್ದೇ ಇರಬೇಕು ಅಂದ್ಕೊಂಡೆ. ನಂಬೋಕೆ ಚೆನ್ನಾಗಿತ್ತು.”

ಅವಳು ಇನ್ನೊಂದು ಕೈಯಿಂದ ನೆಲದ ಕಾಳು ಹೆಕ್ಕಿ ಪಾತ್ರೆಗೆ ಹಾಕಿದಳು.

“ಪ್ರತಿ ಸಲ ಹಂಗೇ ಬರೆದೆ. ಪ್ರತಿ ಸಲ ನನಗೂ ಒಂದೆರಡು ತಿಂಗಳು ಧೈರ್ಯ. ಆಮೇಲಾಮೇಲೆ ಕೈ ನಡುಕ ಜಾಸ್ತಿಯಾಯ್ತು, ನಿನ್ನ ಅಂಕ ಕಡಿಮೆಯಾಯ್ತು. ಆವಾಗ ಹೇಳೋಕೆ ನಾಚಿಕೆ. ಇಷ್ಟು ದಿನ ಇವಳ ಕ್ಯಾಮೆರಾಗಳನ್ನ ನಾನೇ ಫೇಲ್ ಮಾಡಿಸಿದೆನಲ್ಲಾ ಅಂತ.”

“ಅಯ್ಯೋ, ನೀವಲ್ಲ ಅತ್ತೆ…”

“ಅಳಬೇಡ ಈಗ. ಕಾಳು ಉಪ್ಪಾಗುತ್ತೆ.” ಕೈ ಹಿಂದೆಳೆದುಕೊಂಡರು. “ಪತ್ರಿಕೆಗೆ ಏನೋ ಬರೀಬೇಕು ಅಂದ್ಯಲ್ಲ. ಕ್ಯಾಮೆರಾ ಕೆಳಗೆ ಬಿದ್ದಿತ್ತು ಅಂತ ಬರಿ. ಮುಗೀತು.”

ಸಂಪಾದಕ ಕೊಟ್ಟದ್ದೂ ಅದೇ ದಾರಿ, ಅತ್ತೆ ಕೊಟ್ಟದ್ದೂ ಅದೇ ದಾರಿ. ನಡೆದರೆ ಯಾರಿಗೂ ಮುಳ್ಳು ಚುಚ್ಚುತ್ತಿರಲಿಲ್ಲ. ಸೋಮವಾರವೆಲ್ಲ ಅವಳು ಆ ಎರಡು ಸಾಲನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಬುಧವಾರ ರಜೆ ಹಾಕಿ ಅತ್ತೆಯನ್ನು ನರರೋಗದ ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ಕೈ ಚಾಚಿಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಸುರುಳಿ ಗರಗಸದ ಹಾಗೆ ಬಂತು.

“ಯಾವಾಗಿನಿಂದ ಹೀಗೆ?”

“ಒಂದು ತಿಂಗಳಾಯ್ತೇನೋ ಡಾಕ್ಟ್ರೇ” ಎಂದರು ಅತ್ತೆ ತಡವರಿಸದೆ. “ನಮ್ಮ ಸೊಸೆ ಕಣ್ಣು ಬಹಳ ಚುರುಕು. ಕಂಡ ಕೂಡಲೇ ಕರ್ಕೊಂಡು ಬಂದ್ಲು.”

ಡಾಕ್ಟರು ತಲೆಯಾಡಿಸಿ ಬರೆದುಕೊಳ್ಳತೊಡಗಿದರು. ಅವಳು ಪೆನ್ನಿನ ತುದಿಯನ್ನೇ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು. ಕಣ್ಣು ಚುರುಕಾದ ಸೊಸೆಯಾಗಿ ಮನೆಗೆ ಹೋಗಬಹುದಿತ್ತು. ನಾಳೆ ಮಾದರಿಯಲ್ಲಿ ದೋಷವಿತ್ತು ಎಂದು ಎರಡು ಸಾಲು ಕಳಿಸಬಹುದಿತ್ತು.

“ಹದಿನಾಲ್ಕು ತಿಂಗಳು” ಎಂದಳು.

ಅತ್ತೆ ಮೇಜಿನ ಕೆಳಗೆ ಅವಳ ಕಾಲು ತುಳಿದರು.

“ಅಂದಾಜಾ?” ಎಂದರು ಡಾಕ್ಟರು.

“ಅಂದಾಜಲ್ಲ. ಒಂಬತ್ತನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ಅದರ ಹಿಂದಿನ ಫೋಟೋದಲ್ಲಿ ನಡುಕ ಇಲ್ಲ, ಇದರಲ್ಲಿ ಇದೆ.” ಚೀಲದಿಂದ ಟ್ಯಾಬ್ಲೆಟ್ ತೆಗೆದು ಮುಂದಿಟ್ಟಳು. ಆರು ಚಿತ್ರ, ಒಂದನ್ನೂ ಕತ್ತರಿಸಿರಲಿಲ್ಲ. “ನಾನೇ ತೆಗೆದಿದ್ದು. ನೋಡಿ ನೋಡಿ ಅಂಕ ಹಾಕಿದೀನಿ.”

ಡಾಕ್ಟರಿಗೆ ಆ ಕೊನೆಯ ಮಾತು ಅರ್ಥವಾಗಲಿಲ್ಲ. ಅವರು ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಕೊನೆಯದರಲ್ಲಿ ನಿಂತು ಎರಡು ಬೆರಳಿನಿಂದ ದೊಡ್ಡದು ಮಾಡಿದರು. “ಮನೆಯವರು ಸಾಮಾನ್ಯವಾಗಿ ‘ಸ್ವಲ್ಪ ದಿನದಿಂದ’ ಅಂತಾರೆ. ಇಷ್ಟು ನಿಖರವಾಗಿ ಯಾರೂ ಹೇಳಿಲ್ಲ. ಇದು ನೋಡಿ, ಈ ಚಿಲಕ ಎಷ್ಟು ನಿಚ್ಚಳವಾಗಿದೆ. ಅದಕ್ಕೇ ಕೈ ಎಷ್ಟು ಓಡಾಡಿದೆ ಅಂತ ಅಳೆಯೋಕೂ ಬರುತ್ತೆ. ಯಾವ ಕ್ಯಾಮೆರಾ? ತುಂಬಾ ಒಳ್ಳೇದಿದೆಯಲ್ಲ.”

ಅವಳು ಹೆಸರು ಹೇಳಿದಳು. ಆಮೇಲೆ, ಕೇಳಬಾರದು ಎಂದುಕೊಂಡೇ ಕೇಳಿದಳು: “ಆವಾಗಲೇ ಬಂದಿದ್ರೆ?”

“ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲಮ್ಮ. ಆದ್ರೆ ಮಾತ್ರೆ ಆವಾಗಲೇ ಶುರು ಮಾಡಿದ್ರೆ, ಈ ಒಂದು ವರ್ಷ ಅಂಗಿ ಗುಂಡಿ ಅವರೇ ಹಾಕ್ಕೋಬಹುದಿತ್ತು. ಇರಲಿ, ಈಗ ಬಂದಿದೀರಲ್ಲ.”

 ಬಸ್ಸಿನಲ್ಲಿ ಕೂತ ಕೂಡಲೇ ಅತ್ತೆ ಶುರುವಾದರು. “ದೊಡ್ಡ ಸತ್ಯವಂತೆ! ಡಾಕ್ಟ್ರ ಮುಂದೆ ಮರ್ಯಾದೆ ಉಳಿಸೋಣ ಅಂತ ನಾನು ಹೇಳಿದ್ರೆ…”

“ಉಳಿಸೋಕೆ ಹೋಗಿದ್ದು ನನ್ನ ಮರ್ಯಾದೆ ತಾನೇ ಅತ್ತೆ.”

“ಮತ್ತೆ? ಮನೇಲಿ ಇರೋದೇ ಒಂದು ಸೊಸೆ.” ಕಿಟಕಿಯಾಚೆ ನೋಡಿದರು. “ಪತ್ರಿಕೆಗೆ ಏನು ಬರೀತೀಯ?”

“ನಿಮ್ಮ ವಿಷಯ ಬರಿಯಲ್ಲ.”

“ಅತ್ತೆ ಅಂತಾನೂ ಹಾಕಬೇಡ. ಕ್ಯಾಮೆರಾ ಬಿಟ್ಟು ಈಗ ಅತ್ತೆ ಮೇಲೆ ತಪ್ಪು ಹೊರಿಸಿದ್ಲು ಅಂತಾರೆ ಜನ.”

ಗುರುವಾರ ಮಧ್ಯಾಹ್ನ ಮನೆಯಲ್ಲೇ ಕೂತು ಅವಳು ಬರೆದದ್ದು ಹೀಗಿತ್ತು: ‘ಕಳೆದ ಸಂಚಿಕೆಯಲ್ಲಿ ಈ ಕ್ಯಾಮೆರಾಕ್ಕೆ ನಡುಕ ತಡೆಯಲ್ಲಿ ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಕ್ಯಾಮೆರಾದಲ್ಲಿ ದೋಷವಿರಲಿಲ್ಲ. ಎದುರಿಗಿದ್ದದ್ದನ್ನು ಅದು ಇದ್ದ ಹಾಗೆಯೇ ತೋರಿಸಿತ್ತು. ನಾನು ಒಂದು ಚೂರನ್ನು ಕತ್ತರಿಸಿ ನೋಡಿ ತೀರ್ಪು ಕೊಟ್ಟೆ. ಇದಕ್ಕೂ ಮೊದಲಿನ ಐದು ಕ್ಯಾಮೆರಾಗಳಿಗೂ ಇದೇ ಅನ್ಯಾಯವಾಗಿದೆ. ‘ಇತ್ತೀಚಿನ ಜೂಮ್‌ಗಳಿಗೆ ಏನಾಗಿದೆ?’ ಎಂಬ ಲೇಖನವನ್ನು ಹಿಂದೆ ಪಡೆಯುತ್ತೇನೆ. ಅವಕ್ಕೆ ಏನೂ ಆಗಿಲ್ಲ. ಮೂರು ಎಳೆ ಎಣಿಸಿ ಕಳಿಸಿದ ಓದುಗರಿಗೆ ಕೃತಜ್ಞತೆಗಳು. ಸೂಜಿ ಪರೀಕ್ಷೆ ಇನ್ನು ಮುಂದೆ ಇರುವುದಿಲ್ಲ.’

ಹಿಂದೆ ನಿಂತು ಓದುತ್ತಿದ್ದ ಅತ್ತೆ ಕೊನೆಯ ಸಾಲಿಗೆ ಬೆರಳಿಟ್ಟರು. ಬೆರಳು ಪರದೆಯ ಮೇಲೆ ಟಿಕಟಿಕ ಬಡಿಯಿತು.

“ಇದ್ಯಾಕೆ? ನನ್ನ ಕೆಲಸದಿಂದ ತೆಗೀತಿದೀಯಾ?”

“ಅತ್ತೆ…”

“ತಿಂಗಳಿಗೊಂದು ತೆಗಿ. ಚಿಲಕಾನೂ ಸೇರಿಸಿ ತೆಗಿ. ಪತ್ರಿಕೆಗೆ ಬೇಡ. ಮಾತ್ರೆ ಕೆಲಸ ಮಾಡ್ತಿದೆಯೋ ಇಲ್ವೋ ಯಾರು ನೋಡಬೇಕು? ಆ ಡಾಕ್ಟ್ರು ಬರ್ತಾರಾ ಮನೆಗೆ?”

ಅವಳು ಆ ಸಾಲನ್ನು ಹಾಗೆಯೇ ಉಳಿಸಿಕೊಂಡು ಕಳಿಸಿದಳು. ಐದು ನಿಮಿಷಕ್ಕೆ ಸಂಪಾದಕನ ಫೋನು. “ಏನಮ್ಮ ಇದು, ಆರೂ ಕಂಪನಿಯೋರು ನಾಳೆ ನನ್ನ ತಲೆ ಮೇಲೆ ಕೂತ್ಕೋತಾರೆ. ಒಂದಕ್ಕೆ ಮಾತ್ರ ಬರೀರಿ ಸಾಕು.”

“ಆರೂ ಹಾಕಿ ಸಾರ್. ಬೇಕಿದ್ರೆ ಕೊನೇಲಿ ನನ್ನ ಕೆಲಸಕ್ಕೂ ಒಂದು ಅಂಕ ಹಾಕಿ.”

ಫೋನಿಟ್ಟು ಚಹಾ ಮಾಡಿದಳು. ಅತ್ತೆ ಎಂದಿನಂತೆ “ಅರ್ಧ ಲೋಟ ಸಾಕು” ಎಂದರು. ಅರ್ಧವೇ ಬಗ್ಗಿಸಿದಳು. ಅತ್ತೆ ಎರಡೂ ಕೈಯಿಂದ ಲೋಟ ಹಿಡಿದು, ಈ ಸಲ ಮುಖ ತಿರುಗಿಸಿ ಕೂರದೆ, ಅವಳ ಎದುರಿಗೇ ಕುಡಿದರು. ಎರಡು ಹನಿ ಸ್ವೆಟರಿನ ಮೇಲೆ ಬಿದ್ದವು. ಲೋಟ ಖಾಲಿಯಾದ ಮೇಲೆ ಅವಳು ಕೇಳದೆಯೇ ಇನ್ನರ್ಧ ಬಗ್ಗಿಸಿದಳು.

ಅತ್ತೆ ಅದನ್ನೂ ಪೂರ್ತಿ ಕುಡಿದರು. ಮೊದಲಿನಿಂದಲೂ ಅವರಿಗೆ ತುಂಬು ಲೋಟವೇ ಬೇಕಾಗುತ್ತಿತ್ತು.